ಏಳು ನಂಬರ್ ದೋಣಿಗೆ ಕಾರಹುಣ್ಣಿಮೆ

“ಹಗ್ಗ ಎಳೀ ಶಿವಗಂಗಾ, ಎಳೀ. ಹಾಯಿ ಒಳಗ ಬರವಲ್ದು ನೋಡು.”

ದಂಡೆಯ ಮೇಲಿಂದ ಅಂಬಾದಾಸ ಸರ್ ಕೂಗುತ್ತಿದ್ದರು. ಶಿವಗಂಗಾ ಎರಡೂ ಕೈಯಿಂದ ಎಳೆದಳು. ಹಲ್ಲು ಕಚ್ಚಿ, ಕಾಲು ಒತ್ತಿಕೊಟ್ಟು ಎಳೆದಳು. ಹಗ್ಗ ಮಾತ್ರ ಪುಲ್ಲಿಯಲ್ಲಿ ಸಿಕ್ಕಿಕೊಂಡು, ನಾ ಒಲ್ಲೆ ಅಂತ ಹಟ ಹಿಡಿದು ಕೂತಿತ್ತು. ಗಾಳಿ ಬಂತು, ಹಾಯಿ ಪಟಪಟ ಬಡಿದುಕೊಂಡಿತು, ದೋಣಿ ನಿಂತಲ್ಲೇ ನಿಂತಿತು. ಪಕ್ಕದಲ್ಲೇ ಶರ್ವರಿಯ ಬಿಳಿ ದೋಣಿ ಸರ್ರನೆ ದಾಟಿ ಹೋಯಿತು.

ಹೈದರಾಬಾದಿನ ಹುಸೇನ್ ಸಾಗರದಲ್ಲಿ ಮಕ್ಕಳಿಗೆ ಹಾಯಿದೋಣಿ ನಡೆಸಲು ಕಲಿಸುವ ಒಂದು ಕ್ಲಬ್ಬು ಅದು. ಅಲ್ಲಿ ಹದಿನೆಂಟು ಪುಟ್ಟ ದೋಣಿಗಳು. ಒಂದು ದೋಣಿಗೆ ಒಬ್ಬರೇ ಸವಾರರು. ಶರ್ವರಿಯಂಥವರು ಸ್ವಂತ ದೋಣಿ ತರುತ್ತಾರೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಕ್ಲಬ್ಬೇ ದೋಣಿ ಕೊಡುತ್ತದೆ. ಹಾಗೆ ಶಿವಗಂಗಾಳಿಗೆ ಸಿಕ್ಕದ್ದು ಏಳು ನಂಬರ್. ಶಿವಗಂಗಾಳಿಗೆ ಹನ್ನೊಂದು ವರ್ಷ, ಏಳು ನಂಬರಿಗೆ ಇಪ್ಪತ್ತು. ಬಣ್ಣ ಎದ್ದುಹೋಗಿ, ಮೂರು ಕಡೆ ತೇಪೆ ಹಾಕಿಸಿಕೊಂಡ ಮುದಿ ದೋಣಿ. ಆದರೂ ಅದರ ಮೇಲೆ ಅವಳಿಗೆ ಜೀವ.

ದೋಣಿ ದಡ ಸೇರಿದ ಮೇಲೆ ಅಂಬಾದಾಸ ಸರ್ ಹಗ್ಗವನ್ನು ಎರಡು ಬೆರಳಿಂದ ಎತ್ತಿ ಹಿಡಿದರು. ಹಾಯಿಯನ್ನು ಎಳೆಯುವುದೂ ಬಿಡುವುದೂ ಇದೇ ಹಗ್ಗದಿಂದ. ಅದು ಕಪ್ಪಗೆ, ಪಾಚಿ ಕಟ್ಟಿ, ಲೋಳೆಲೋಳೆಯಾಗಿತ್ತು. ವಾಸನೆಯಂತೂ ಕೇಳಲೇಬೇಡಿ.

“ಇದು ಹಗ್ಗ ಅಲ್ಲ ತಂಗಿ, ಗಟಾರ,” ಅಂದರು ಸರ್. ಅವರು ಬೀದರಿನವರು. ನೌಕಾಪಡೆಯಲ್ಲಿದ್ದು ರಿಟೈರ್ ಆದವರು. ಬೇರೆ ಮಕ್ಕಳಿಗೆ ಹಿಂದಿಯಲ್ಲಿ ಬೈದರೆ, ಶಿವಗಂಗಾಳಿಗೆ ಕನ್ನಡದಲ್ಲಿ ಬೈಯುತ್ತಿದ್ದರು. “ನಾಳಿ ಸೆಲೆಕ್ಷನ್ ರೇಸ್ ಅದ. ಮೊದಲ ಹತ್ತು ಮಂದಿ ಟೀಮಿಗೆ. ಉಳಿದವರು ಮುಂದಿನ ವರ್ಷ. ಹಗ್ಗ ಹಿಂಗೇ ಇದ್ರ ನೀ ಉಳಿದವರೊಳಗ ಹೋಗ್ತಿ ನೋಡು.”

“ಹೊಸಾದು ಕೊಡ್ರಿ ಸರ್.”

“ಹೊಸ ಹಗ್ಗ ಬರೂದು ಮುಂದಿನ ವಾರ. ಇದನ್ನ ಮನಿಗೆ ಒಯ್ದು ತೊಳಕೊಂಡು ಬಾ. ಕೇಳಿಲ್ಲಿ. ಕುದಿಯೋ ನೀರು ಬ್ಯಾಡ, ಬ್ಲೀಚ್ ಬ್ಯಾಡ. ಬೆಚ್ಚಗಿನ ನೀರಾಗ ಸೋಪಿನ ಪುಡಿ ಹಾಕಿ ನೆನಸು. ಕೈಯಿಂದ ಹಿಂಡು. ನೆರಳಾಗ ಒಣಗಿಸು. ತಿಳೀತಿಲ್ಲೋ?”

“ತಿಳೀತ್ರಿ ಸರ್.”

ಶಿವಗಂಗಾಳ ಮನೆ ಮಣಿಕೊಂಡದಲ್ಲಿ. ಐದಂತಸ್ತಿನ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಪಕ್ಕದ ಒಂದೇ ಕೋಣೆ. ಅಪ್ಪ ಬೂದೆಪ್ಪ ಅಲ್ಲಿಯ ವಾಚ್‌ಮನ್. ಅವ್ವ ಸಾಬಮ್ಮ ಮೇಲಿನ ಫ್ಲ್ಯಾಟುಗಳಲ್ಲಿ ಕೆಲಸ ಮಾಡುತ್ತಾಳೆ. ತಿಂಗಳ ಹಿಂದೆ ಯಾದಗಿರಿ ಕಡೆಯ ಊರಿಂದ ಆಯಿ ಬಂದಿದ್ದಳು. ಆಯಿ ಅಂದರೆ ಅಜ್ಜಿ, ಅಪ್ಪನ ಅವ್ವ. ಹೆಸರು ಗದಿಗೆಮ್ಮ.

ಪಾರ್ಕಿಂಗಿನ ನಲ್ಲಿಯ ಹತ್ತಿರ ಬಕೆಟ್ ಇಟ್ಟುಕೊಂಡು ಶಿವಗಂಗಾ ಹಗ್ಗ ನೆನೆಸಿದಳು. ಐದು ನಿಮಿಷಕ್ಕೆ ನೀರು ಕಪ್ಪಗಾಯಿತು. ಆಯಿ ಮೂಗಿಗೆ ಸೆರಗು ಹಿಡಿದುಕೊಂಡು ಬಂದು ಬಗ್ಗಿ ನೋಡಿದಳು.

“ಯಾತರ ಹಗ್ಗವ್ವಾ ಇದು? ಎಮ್ಮಿ ಹಗ್ಗನೂ ಇಷ್ಟು ನಾರಂಗಿಲ್ಲ.”

“ನನ್ನ ದೋಣಿದು ಆಯಿ. ನಾಳೆ ರೇಸ್ ಐತಿ. ಇದು ಸ್ವಚ್ಛ ಆಗಿ ಪುಲ್ಲಿಯೊಳಗ ಓಡಾಡ್ಲಿಲ್ಲ ಅಂದ್ರ ನನಗ ಟೀಮಿಲ್ಲ.”

“ಹಂಗಾದ್ರ ಇದು ನಿನ್ನ ಎತ್ತಿನ ಹಗ್ಗ ಅನ್ನು. ಏನು ಹೆಸರು ನಿನ್ನ ಎತ್ತಿಂದು?”

“ಏಳು ನಂಬರ್.”

“ಎತ್ತಿಗ್ಯಾರರ ನಂಬರ್ ಇಡ್ತಾರೇನು?” ಆಯಿ ನಕ್ಕಳು. ನಗುತ್ತಲೇ ಸೀರೆ ಎತ್ತಿಕಟ್ಟಿ ಬಕೆಟ್ಟಿನ ಮುಂದೆ ಕೂತಳು.

ಉದ್ದ ಹಗ್ಗ ಬಕೆಟ್ಟಿನಲ್ಲಿ ಗಂಟುಗಂಟಾಗಿ ಗೋಜಲಾಗಿತ್ತು. ಆಯಿ ಅದನ್ನು ಬಿಡಿಸಿ, ಕುಣಿಕೆಯೊಳಗೆ ಕುಣಿಕೆ ತೂರಿಸಿ, ನೋಡನೋಡುತ್ತ ಒಂದು ದಪ್ಪ ಜಡೆಯ ಹಾಗೆ ಹೆಣೆದುಬಿಟ್ಟಳು. “ಹಿಂಗ ಹೆಣೆದು ತೊಳೆದ್ರ ಗಂಟ ಬೀಳಂಗಿಲ್ಲ. ತೊಳೆದ ಮ್ಯಾಲೆ ಒಂದು ತುದಿ ಜಗ್ಗಿದ್ರ ಆತು, ಪೂರ್ತಿ ಬಿಚ್ಚತೈತಿ,” ಅಂದಳು. ಚಿಕ್ಕವಳಿದ್ದಾಗ ಆಯಿ ತನ್ನ ಅಪ್ಪನ ಜೊತೆ ಪುಂಡಿ ನಾರಿನಿಂದ ಹಗ್ಗ ಹೊಸೆಯುತ್ತಿದ್ದಳಂತೆ. ಪುಂಡಿ ಗಿಡದ ಕಟ್ಟಿಗೆಯನ್ನು ನೀರಲ್ಲಿ ಕೊಳೆ ಹಾಕಿ, ನಾರು ಸುಲಿದು, ಅಂಗೈಯಲ್ಲಿ ಉಜ್ಜಿ ಉಜ್ಜಿ ಹೊಸೆಯುವುದು. ಊರಿನ ಅರ್ಧ ಎತ್ತುಗಳ ಕೊರಳಲ್ಲಿ ಇವರ ಮನೆಯ ಹಗ್ಗವೇ ಇತ್ತಂತೆ.

ನಾಲ್ಕು ಸಲ ನೀರು ಬದಲಿಸಿದರು. ನಾಲ್ಕನೇ ನೀರು ತಿಳಿಯಾದಾಗ ಹಗ್ಗದ ಬಣ್ಣ ಕಂಡಿತು. ಅದು ಕಪ್ಪು ಹಗ್ಗವೇ ಅಲ್ಲ. ಬಿಳಿ ಹಗ್ಗ, ನಡುನಡುವೆ ಒಂದು ನೀಲಿ ಎಳೆ. ಎರಡು ವರ್ಷದಿಂದ ದಿನಾ ಹಿಡಿದ ಹಗ್ಗದಲ್ಲಿ ನೀಲಿ ಎಳೆ ಇದೆ ಅಂತ ಶಿವಗಂಗಾಳಿಗೆ ಗೊತ್ತೇ ಇರಲಿಲ್ಲ. ಅವಳು ಅದನ್ನು ಪಾರ್ಕಿಂಗಿನ ನೆರಳಲ್ಲಿ ತಂತಿಯ ಮೇಲೆ ಹಾಕಿ, ಮತ್ತೆ ಮತ್ತೆ ಹೋಗಿ ಮುಟ್ಟಿ ನೋಡಿದಳು. ಆ ದಿನ ನೆಮ್ಮದಿಯಿಂದ ಬೇಗ ಮಲಗಿದಳು.

ಮರುದಿನ ಬೆಳಿಗ್ಗೆ ಎದ್ದಾಗ ಆಯಿ ಆಗಲೇ ಜಳಕ ಮಾಡಿ, ಹೊಸ ಇಳಕಲ್ ಸೀರೆ ಉಟ್ಟು ಕೂತಿದ್ದಳು.

“ಇವತ್ತು ಕಾರಹುಣ್ಣಿಮಿ, ಎತ್ತುಗಳ ಹಬ್ಬ. ನಾನೂ ಬರ್ತೀನಿ ನಿನ್ನ ಎತ್ತು ನೋಡಾಕ,” ಅಂದಳು. “ಹಗ್ಗ ಚೀಲದಾಗ ಇಟ್ಟೀನಿ. ಅಲ್ಲಿಗೆ ಹೋಗಿ ತೆಗಿ, ಈಗ ಬ್ಯಾಡ.”

ತೆಲಂಗಾಣದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಹಾಗಾಗಿ ಶಿವಗಂಗಾಳಿಗೆ ಟಿಕೆಟ್ ಇಲ್ಲ. ಆಯಿಗೆ ಇತ್ತು, ಯಾಕಂದರೆ ಅವಳ ಆಧಾರ್ ಕಾರ್ಡು ಕರ್ನಾಟಕದ್ದು. “ಬಸ್ಸಿಗೂ ನಾ ಯಾ ಊರಾಕಿ ಅಂತ ಗೊತ್ತಾತು ನೋಡು,” ಅಂತ ಆಯಿ ದಾರಿಯುದ್ದಕ್ಕೂ ಹೇಳಿ ಹೇಳಿ ನಗುತ್ತಿದ್ದಳು. ಅವಳ ತಲೆಯಿಂದ ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ, ವಾಸನೆ ಗಮ್ಮಂತ ಬರುತ್ತಿತ್ತು. ಆಯಿ ದಿನಾ ತಲೆಗೆ ಔಡಲೆಣ್ಣೆ ಹಚ್ಚುವವಳೇ. ಅದಕ್ಕೇ ಶಿವಗಂಗಾಳಿಗೆ ಯಾವ ಅನುಮಾನವೂ ಬರಲಿಲ್ಲ.

ಕ್ಲಬ್ಬಿನಲ್ಲಿ ಎಲ್ಲರೂ ದೋಣಿಗೆ ಹಾಯಿ ಕಟ್ಟುತ್ತಿದ್ದರು. ಒಂಬತ್ತಕ್ಕೆ ರೇಸು. ಗೋಡೆಯ ಗಡಿಯಾರದಲ್ಲಿ ಎಂಟು ಗಂಟೆ. ಶಿವಗಂಗಾ ಖುಷಿಯಿಂದ ಚೀಲಕ್ಕೆ ಕೈ ಹಾಕಿ ಹಗ್ಗ ಹೊರಗೆಳೆದಳು.

ಹಗ್ಗ ಫಳಫಳ ಹೊಳೆಯುತ್ತಿತ್ತು. ತುದಿಯಿಂದ ತುದಿಯವರೆಗೆ ಎಣ್ಣೆ. ಒಂದು ತುದಿಗೆ ದಪ್ಪ ಗಂಟು ಹಾಕಿ ಕೆಂಪು ಉಣ್ಣೆಯ ಗೊಂಡೆ ಕಟ್ಟಿತ್ತು.

ಅವಳು ಹಗ್ಗವನ್ನು ಗಟ್ಟಿಯಾಗಿ ಹಿಡಿದು ಎಳೆದು ನೋಡಿದಳು. ಮುಷ್ಟಿಯೊಳಗಿಂದ ಅದು ಮೀನಿನ ಹಾಗೆ ಜಾರಿಹೋಯಿತು.

“ಹ್ಯಾಂಗೈತಿ?” ಆಯಿಯ ಮುಖ ಅರಳಿತ್ತು. “ಕಾರಹುಣ್ಣಿಮಿಗೆ ಎತ್ತಿನ ಹಗ್ಗಕ್ಕ ಎಣ್ಣಿ ಹಚ್ಚಿ, ಗೊಂಡೆ ಕಟ್ಟಬೇಕವ್ವಾ. ಎಣ್ಣಿ ಕುಡಿದ ಹಗ್ಗ ಮೆತ್ತಗಾಗತೈತಿ, ಮಳಿಗೆ ಕೊಳಿಯಂಗಿಲ್ಲ. ಮುಂಜಾನೆ ನಾಕಕ್ಕ ಎದ್ದು ತಿಕ್ಕೀನಿ.”

ಆ ಕಡೆಯಿಂದ ಯಾರೋ ಗೊಂಡೆ ನೋಡಿ ಕಿಸಕ್ಕನೆ ನಕ್ಕರು. ಶಿವಗಂಗಾಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು.

“ಯಾರು ಹೇಳಿದ್ರು ನಿನಗ? ನನ್ನ ಹಗ್ಗ ಮುಟ್ಟು ಅಂತ ಯಾರು ಹೇಳಿದ್ರು? ಇದು ಎತ್ತಲ್ಲ, ದೋಣಿ. ನಿನಗೇನೂ ತಿಳಿಯಂಗಿಲ್ಲ. ಯಾಕರ ಬಂದಿ ನೀನು?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆ ಮಾತು ಹೋಗಿ ಆಯಿಗೆ ತಗುಲಿತು. ಅವಳು ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಗೋಡೆಯ ಹತ್ತಿರ ಹೋಗಿ ನಿಂತಳು.

ಅಂಬಾದಾಸ ಸರ್ ಬಂದು ಹಗ್ಗ ಮುಟ್ಟಿದರು, ಮೂಸಿದರು. “ಔಡಲೆಣ್ಣಿ. ಪುಂಡಿ ನಾರಾಗಿದ್ರ ಕುಡೀತಿತ್ತು. ಇದು ಪ್ಲಾಸ್ಟಿಕ್ ನಾರು ತಂಗಿ. ಎಣ್ಣಿ ಮ್ಯಾಲೇ ನಿಂತದ.” ಗಡಿಯಾರ ನೋಡಿದರು. “ಇನ್ನೊಂದು ಹಗ್ಗ ನನ್ನ ಕಡೆ ಇಲ್ಲ. ನೋಡು, ತೊಳಿಯೂದಾದ್ರ ತೊಳಿ.”

ಶಿವಗಂಗಾ ನಲ್ಲಿಯ ಕಡೆ ಓಡಿದಳು. ಕೈ ತೊಳೆಯುವ ಸೋಪಿನಿಂದ ಉಜ್ಜಿದಳು. ಔಡಲೆಣ್ಣೆ ಅಂದರೆ ಸಾಮಾನ್ಯವೇ? ಮಂದ ಎಣ್ಣೆ ಅದು. ತಣ್ಣೀರಿಗೆ ಜಗ್ಗಲಿಲ್ಲ. ಇಲ್ಲಿಂದ ಅಲ್ಲಿಗೆ ಮೆತ್ತಿಕೊಂಡಿತೇ ಹೊರತು ಹೋಗಲಿಲ್ಲ. ಕಣ್ಣೀರು ಬಂದು ಹಗ್ಗವೇ ಮಸುಕಾಗಿ ಕಂಡಿತು. ತೋಳಿನಿಂದ ಕಣ್ಣೊರಸಿಕೊಂಡು ತಲೆ ಎತ್ತಿದಳು.

ಗೋಡೆಯ ಹತ್ತಿರ ಆಯಿ ಇರಲಿಲ್ಲ.

ಶೆಡ್ಡಿನಲ್ಲಿ ಇಣುಕಿದಳು. ದಂಡೆಯ ಮೇಲೆ ನೋಡಿದಳು. ಅಲ್ಲೂ ಇಲ್ಲ.

“ಶಿವಗಂಗಾ,” ಶರ್ವರಿ ಲೈಫ್ ಜಾಕೆಟ್ಟಿನ ಬಕಲ್ ಹಾಕಿಕೊಳ್ಳುತ್ತ ಬಂದಳು. ಅವಳ ಮನೆ ಗಚ್ಚಿಬೌಲಿಯಲ್ಲಿ. ಮನೆಯಲ್ಲಿ ಕನ್ನಡವೇ ಆಡುತ್ತಾರೆ, ಹಾಗಾಗಿ ಬೈದದ್ದೆಲ್ಲ ಅವಳಿಗೆ ತಿಳಿದಿತ್ತು. “ನಿಮ್ಮ ಅಜ್ಜಿ ಗೇಟಿನ ಹೊರಗ ಹೋದ್ರು. ಹತ್ತು ನಿಮಿಷ ಆತು.”

ಹೊರಗೆ ದೊಡ್ಡ ರಸ್ತೆ. ಕಾರುಗಳು ಒಂದರ ಹಿಂದೆ ಒಂದು ಹಾರಿಹೋಗುವ ರಸ್ತೆ. ಆಯಿಗೆ ತೆಲುಗು ಬರುವುದಿಲ್ಲ. ಫೋನ್ ಇಲ್ಲ. ಮಣಿಕೊಂಡ ಅನ್ನುವ ಹೆಸರು ಬಿಟ್ಟರೆ ಮನೆಯ ವಿಳಾಸ ಗೊತ್ತಿಲ್ಲ. ಯಾಕರ ಬಂದಿ ಅಂತ ಮೊಮ್ಮಗಳು ಕೇಳಿದ್ದಕ್ಕೆ ಹೊರಟೇಬಿಟ್ಟಳೇ?

ಗಡಿಯಾರದಲ್ಲಿ ಎಂಟು ಇಪ್ಪತ್ತೈದು. ಶಿವಗಂಗಾ ಹಗ್ಗವನ್ನು ನಲ್ಲಿಯ ಹತ್ತಿರವೇ ಬಿಟ್ಟು ಗೇಟಿನ ಕಡೆ ಓಡಿದಳು. ರೇಸು ಗೀಸು ಯಾವುದೂ ಆಗ ತಲೆಯಲ್ಲಿರಲಿಲ್ಲ. ಆಯಿ ಸಿಕ್ಕರೆ ಸಾಕಾಗಿತ್ತು.

ಎಡಕ್ಕೆ ಓಡಿದಳು, ಸಿಗಲಿಲ್ಲ. ಬಲಕ್ಕೆ ಓಡಿದಳು. ಬಸ್ ಸ್ಟಾಪು ದಾಟಿದಳು. ಅಲ್ಲಿ ಮರದ ಕೆಳಗೆ ಒಂದು ಟಿಫಿನ್ ಬಂಡಿ. ಒಬ್ಬ ಹೆಂಗಸು ಮಿರ್ಚಿ ಬಜ್ಜಿ ಕರಿಯುತ್ತಿದ್ದಳು. ಅವಳ ಎದುರು ಇಳಕಲ್ ಸೀರೆ.

“ಆಯೀ,” ಅಂದಳು ಶಿವಗಂಗಾ.

ಆಯಿ ತಿರುಗಿದಳು. ಕೈಯಲ್ಲಿ ದಿನಪತ್ರಿಕೆಯ ದೊಡ್ಡ ಪೊಟ್ಟಣ. “ಬಂದೇನು? ಕಡ್ಲಿಹಿಟ್ಟು ಸಿಕ್ತು. ಇಕಿ ಮಾತು ನನಗ ತಿಳೀಲಿಲ್ಲ, ನನ್ನ ಮಾತು ಇಕಿಗೆ ತಿಳೀಲಿಲ್ಲ. ಎಣ್ಣಿ ಕೈ ತೋರಿಸಿದೆ, ಹಿಟ್ಟು ತೋರಿಸಿದೆ. ನಕ್ಕು ಕಟ್ಟಿಕೊಟ್ಟಾಳ ನೋಡು, ಪುಣ್ಯಾತಗಿತ್ತಿ.”

ಆಯಿ ಸೆರಗಿನ ಗಂಟು ಬಿಚ್ಚಲು ಹೋದರೆ ಬಂಡಿಯ ಹೆಂಗಸು ಕೈ ಅಡ್ಡ ಹಿಡಿದಳು. “ಪರ್ವಾಲೇದಮ್ಮಾ, ತೀಸ್ಕೋ,” ದುಡ್ಡು ಬೇಡ, ಒಯ್ಯಿ ಅಂತ ನಕ್ಕಳು.

ಶಿವಗಂಗಾ ಆಯಿಯ ಕೈ ಹಿಡಿದುಕೊಂಡಳು. ಎಣ್ಣೆಯ ಕೈ, ಆದರೂ ಜಾರದ ಹಾಗೆ ಬಿಗಿಯಾಗಿ ಹಿಡಿದುಕೊಂಡಳು.

“ನಿನಗ ಎಣ್ಣಿ ಹಚ್ಚಿ ಎರೆದಾಗ ತಲಿ ಯಾತರಿಂದ ತೊಳೀತೀನಿ?” ಆಯಿ ಬಿರಬಿರನೆ ನಡೆಯುತ್ತ ಕೇಳಿದಳು. “ಎಣ್ಣಿ ಹಚ್ಚಿದಾಕಿಗೆ ತೆಗಿಯಾಕೂ ಬರಬೇಕಲ್ಲ. ನಡಿ ನಡಿ, ಹೊತ್ತಾತು.”

ಆಯಿ ಮೊದಲು ನೀರು ಮುಟ್ಟಿಸಲಿಲ್ಲ. ಒಣ ಹಿಟ್ಟನ್ನೇ ಹಗ್ಗದ ಮೇಲೆ ಸುರಿದು ಅಂಗೈಯಿಂದ ತಿಕ್ಕಿದಳು. ಹಿಟ್ಟು ಎಣ್ಣೆ ಕುಡಿದು ಉಂಡೆಯುಂಡೆಯಾಗಿ ಉದುರಿತು. ಶರ್ವರಿ ಕೇಳದೆಯೇ ಬಂದು ಇನ್ನೊಂದು ತುದಿ ಹಿಡಿದುಕೊಂಡಳು. “ನಿನ್ನ ದೋಣಿ?” ಅಂದಳು ಶಿವಗಂಗಾ. “ನಂದು ರೆಡಿ ಅದ. ನೀ ತಿಕ್ಕು,” ಅಂದಳು ಶರ್ವರಿ. ಮೂವರೂ ತಿಕ್ಕಿದರು, ತೊಳೆದರು, ಮತ್ತೆ ಹಿಟ್ಟು ಹಾಕಿದರು, ಮತ್ತೆ ತೊಳೆದರು. ಶರ್ವರಿ ತನ್ನ ಟವೆಲ್ಲಿನಿಂದ ಹಗ್ಗ ಒರೆಸಿದಳು. ಅಂಬಾದಾಸ ಸರ್ ದೂರದಿಂದಲೇ ನೋಡುತ್ತ, “ದಸ್ ಮಿನಿಟ್, ಬಚ್ಚೋ,” ಅಂತ ಕೂಗಿದರು.

“ಗೊಂಡೆ ಬಿಚ್ಚಲೇನವ್ವಾ?” ಆಯಿ ಮೆಲ್ಲಗೆ ಕೇಳಿದಳು. “ಹುಡುಗರು ನಗ್ತಾರ.”

“ಇರ್ಲಿ ಬಿಡು ಆಯಿ,” ಅಂದಳು ಶಿವಗಂಗಾ. ನಿಜ ಹೇಳಬೇಕೆಂದರೆ ಬಿಚ್ಚಲು ಹೊತ್ತೂ ಇರಲಿಲ್ಲ.

ಹಾರ್ನ್ ಕೂಗಿತು. ಹದಿನೆಂಟು ಹಾಯಿಗಳು ಒಟ್ಟಿಗೇ ಹೊರಟವು. ಹಗ್ಗ ಪುಲ್ಲಿಯೊಳಗೆ ಸರಾಗವಾಗಿ ಓಡಾಡಿತು. ನಿನ್ನೆ ಹಟ ಹಿಡಿದು ಕೂತ ಹಗ್ಗವೇ ಇದು ಅಂದರೆ ಯಾರೂ ನಂಬುತ್ತಿರಲಿಲ್ಲ. ಎಳೆದರೆ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ನೀರಲ್ಲಿ ತೇಲಿಬಿಟ್ಟ ಮೊದಲ ಕಿತ್ತಳೆ ಬಣ್ಣದ ಗುರುತನ್ನು ಸುತ್ತುವಾಗ ಶಿವಗಂಗಾ ಹನ್ನೆರಡನೆಯವಳು. ಎರಡನೆಯದಕ್ಕೆ ಹೋಗುವಷ್ಟರಲ್ಲಿ ಹತ್ತನೆಯವಳು.

ಆಗ ಕೆರೆಯ ನಡುವಿನ ಬುದ್ಧನ ಮೂರ್ತಿಯ ಕಡೆಯಿಂದ ಒಂದು ದೊಡ್ಡ ಗಾಳಿ ಬಂತು. ಹಾಯಿ ಉಬ್ಬಿತು. ಹಗ್ಗದ ಕೊನೆಯ ಭಾಗದಲ್ಲಿ ಇನ್ನೂ ಸ್ವಲ್ಪ ಎಣ್ಣೆ ಉಳಿದಿತ್ತು. ಅದು ಮುಷ್ಟಿಯೊಳಗಿಂದ ಸರಸರ ಜಾರತೊಡಗಿತು. ಬಿಗಿ ಹಿಡಿದಳು, ಜಾರಿತು. ಇನ್ನೂ ಬಿಗಿ ಹಿಡಿದಳು, ಅಂಗೈ ಉರಿಯಿತು, ಆದರೂ ಜಾರಿತು. ಪೂರ್ತಿ ಕೈಬಿಟ್ಟರೆ ಹಾಯಿ ಹೊರಗೆ ಹಾರುತ್ತದೆ. ತುದಿ ಹುಡುಕಿ ಮತ್ತೆ ಹಿಡಿಯುವಷ್ಟರಲ್ಲಿ ಹಿಂದಿನ ದೋಣಿಗಳೆಲ್ಲ ಮುಂದೆ ಹೋಗಿರುತ್ತವೆ.

ಹೋಯಿತು, ಎಲ್ಲ ಹೋಯಿತು ಅಂದುಕೊಳ್ಳುವಾಗ ಬೆರಳುಗಳ ನಡುವೆ ಏನೋ ದಪ್ಪಗೆ ತಡೆದು ನಿಂತಿತು.

ಕೆಂಪು ಗೊಂಡೆ. ಗೊಂಡೆಯ ಗಂಟು.

ಶಿವಗಂಗಾ ಗೊಂಡೆಯನ್ನು ಮುಷ್ಟಿಯಲ್ಲಿ ಹಿಡಿದು, ಹಿಂದಕ್ಕೆ ವಾಲಿ, ಮೈಯ ಭಾರವನ್ನೆಲ್ಲ ಹಾಕಿ ಎಳೆದಳು. ಹಾಯಿ ಒಳಗೆ ಬಂತು. ಮುದಿ ಏಳು ನಂಬರ್ ಒಮ್ಮೆ ಮೈ ಕೊಡವಿ, ಮುಂದಕ್ಕೆ ಹೊರಟಿತು.

ಗೆದ್ದವರ ಪಟ್ಟಿಯನ್ನು ಅಂಬಾದಾಸ ಸರ್ ಮೇಲಿಂದ ಓದಿದರು. ಮೂರನೆಯ ಹೆಸರು ಶರ್ವರಿ. ನಾಲ್ಕು, ಐದು, ಆರು. ಶಿವಗಂಗಾ ಉಸಿರು ಹಿಡಿದು ನಿಂತಿದ್ದಳು. ಏಳು, ಎಂಟು, ಒಂಬತ್ತು.

“ದಸ್. ಸಾತ್ ನಂಬರ್ ಬೋಟ್, ಶಿವಗಂಗಾ.”

ಆಯಿ ಓಡಿಬಂದಳು. “ಎಷ್ಟನೇದವ್ವಾ?”

“ಹತ್ತನೇದು ಆಯಿ.”

“ಹತ್ತು? ಹಂಗಾದ್ರ ಒಂದಕ್ಕಿಂತ ಭಾಳ ಆತಲ್ಲ,” ಅಂದಳು ಆಯಿ. ಶರ್ವರಿ ಬಿದ್ದು ಬಿದ್ದು ನಕ್ಕಳು. ಶಿವಗಂಗಾ ನಗಲು ಹೋಗಿ ಆಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹೊರಡುವಾಗ ಅಂಬಾದಾಸ ಸರ್ ಅಂದರು, “ಮುಂದಿನ ವಾರ ಹೊಸ ಹಗ್ಗ ಬರ್ತದ ತಂಗಿ. ಆಗ ಈ ಹಳೇದು ಬಿಚ್ಚಿ ಹಾಕು.” ಆಮೇಲೆ ಆಯಿಯ ಕಡೆ ತಿರುಗಿ ಕೈ ಮುಗಿದರು. “ಹೊಸ ಹಗ್ಗಕ್ಕ ಎಣ್ಣಿ ಬ್ಯಾಡರಿ ಆಯಿ. ಗೊಂಡೆ ಮಾತ್ರ ನೀವೇ ಕಟ್ಟಬೇಕು.”

“ಹಳೇದನ್ನ ನಾ ಮನಿಗೆ ಒಯ್ತೀನ್ರಿ ಸರ್,” ಅಂದಳು ಶಿವಗಂಗಾ.

ಸಂಜೆ ಪಾರ್ಕಿಂಗಿನ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದರು. ಒಳಗೆ ಅವ್ವ ಕಾರಹುಣ್ಣಿಮೆಯ ಹೋಳಿಗೆ ಬೇಯಿಸುತ್ತಿದ್ದಳು. ಶಿವಗಂಗಾಳ ಬಲ ಅಂಗೈಯಲ್ಲಿ ಹಗ್ಗ ಉಜ್ಜಿದ ಕೆಂಪು ಗೆರೆ ಎದ್ದಿತ್ತು. ಅದು ಚುರುಚುರು ಅನ್ನುತ್ತಿತ್ತು. ಅವಳು ಆಯಿಯ ಕೈ ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು ನೋಡಿದಳು. ಆ ಅಂಗೈಯಲ್ಲೂ ಅದೇ ಜಾಗದಲ್ಲಿ ಒಂದು ಗೆರೆ. ಕೆಂಪಗಿರಲಿಲ್ಲ. ಹಳೆಯದಾಗಿ, ಗಟ್ಟಿಯಾಗಿ, ಚರ್ಮದಲ್ಲೇ ಸೇರಿಹೋಗಿತ್ತು. ಅದರ ಸುತ್ತ ಇವತ್ತು ಬೆಳಗಿನ ನಾಲ್ಕು ಗಂಟೆಯಿಂದ ತಿಕ್ಕಿದ್ದಕ್ಕೆ ಹೊಸದಾಗಿ ಸುಲಿದಿತ್ತು. ಗೋಡೆಯ ಹತ್ತಿರ ನಿಂತಾಗ ಆಯಿ ಸೆರಗಿನೊಳಗೆ ಮುಚ್ಚಿಕೊಂಡದ್ದು ಇದನ್ನೇ.

ಶಿವಗಂಗಾ ಆ ಸುಲಿದ ಜಾಗದ ಸುತ್ತ ಮೆಲ್ಲಗೆ ಬೆರಳಾಡಿಸಿದಳು.

“ಆಯಿ, ಔಡಲೆಣ್ಣಿ ಇನ್ನೂ ಉಳದೈತೇನು?”

ಆಯಿ ಬೆಚ್ಚಿಬಿದ್ದಳು. “ಯಾಕವ್ವಾ? ನಾ ಇನ್ನ ನಿನ್ನ ಹಗ್ಗ ಮುಟ್ಟಂಗಿಲ್ಲ, ನಮ್ಮಪ್ಪನಾಣಿ.”

“ಹಗ್ಗಕ್ಕಲ್ಲ,” ಅಂದಳು ಶಿವಗಂಗಾ.

ಅವಳು ಒಳಗೆ ಹೋಗಿ ಎಣ್ಣೆಯ ಬಾಟಲಿ ತಂದಳು. ಆಯಿಯ ಅಂಗೈ ಬಿಡಿಸಿ, ಒಂದು ಹನಿ ಹಾಕಿ, ನೋವಾಗದ ಹಾಗೆ ಮೆತ್ತಗೆ ಹಚ್ಚತೊಡಗಿದಳು.